ಗಾಂಧೀಜಿ ಮತ್ತು ತೂಕದ ಮಷೀನು

ಟಿಳಕವಾಡಿಯ ಕಾಂಗ್ರೆಸ್ ಬಾವಿ ಮುಂದೆ ನಾವು ವಾರಕ್ಕೆ ನಾಲ್ಕು ಸಲವಾದರೂ ಹಾದು ಹೋಗ್ತೇವೆ. ಪಕ್ಕದಲ್ಲೇ ವೀರಸೌಧ, ಒಳಗೆ ಗಾಂಧೀಜಿ. 2024ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನಕ್ಕೆ ನೂರು ವರ್ಷ ತುಂಬಿದಾಗ ಊರಿಗೆ ಊರೇ ದೀಪ ಹಾಕಿಕೊಂಡಿತ್ತು. ಆ ದೀಪದ ಕೆಳಗೆ ಸೆಲ್ಫಿ ತೆಗೆದುಕೊಂಡವರಲ್ಲಿ ನಾವೂ ಇದ್ದೆವು. ಆದರೆ ಗಾಂಧೀಜಿ ಬಗ್ಗೆ ಬರೆಯಬೇಕು ಅಂತ ನಮಗೆ ಅನ್ನಿಸಿದ್ದು ದೀಪ ನೋಡಿ ಅಲ್ಲ. ಹಾಸ್ಟೆಲಿನ ಒಂದು ತೂಕದ ಮಷೀನು ನೋಡಿ.

ಕಥೆ ಸಣ್ಣದು. ನಾಲ್ಕು ಜನ ದುಡ್ಡು ಕೂಡಿಸಿ ಆನ್‌ಲೈನಿನಲ್ಲಿ ಒಂದು ಸ್ಮಾರ್ಟ್ ತೂಕದ ಮಷೀನು ತರಿಸಿದೆವು. ಮೇಲೆ ಗಾಜು, ಕೆಳಗೆ ನಾಲ್ಕು ಕಾಲು, ಬ್ಲೂಟೂತ್ ಸೇರಿಸಿದರೆ ಮೊಬೈಲಿನಲ್ಲಿ ತೂಕ, ಕೊಬ್ಬು, ನೀರು, ಸ್ನಾಯು, ಎಲುಬು ಎಲ್ಲದಕ್ಕೂ ಒಂದೊಂದು ಅಂಕಿ. ನಮ್ಮಲ್ಲೊಬ್ಬ ಖಾನಾಪುರದವನು. ಶನಿವಾರ ಬಸ್ ಹತ್ತಿ ಊರಿಗೆ ಹೋದ. ಹಬ್ಬದ ಊಟ, ಬೆಳಗಾವಿಯಿಂದ ತಾನೇ ಒಯ್ದಿದ್ದ ಕುಂದಾ, ಅವ್ವನ ಒತ್ತಾಯ. ಸೋಮವಾರ ಬೆಳಿಗ್ಗೆ ಮಷೀನು ಹತ್ತಿದರೆ 1.8 ಕೆಜಿ ಜಾಸ್ತಿ! ಆ ರಾತ್ರಿಯಿಂದಲೇ ಊಟ ಬಿಟ್ಟ. ಹತ್ತು ದಿನ ಬರೇ ಚಹಾ, ಬಿಸ್ಕೀಟಿನ ಮೇಲೆ ರಾತ್ರಿ ಕಳೆದು, ಹನ್ನೊಂದನೇ ದಿನ ಲ್ಯಾಬಿನಲ್ಲಿ ತಲೆ ತಿರುಗಿ ಬಿದ್ದ. ಟೇಬಲ್ಲಿನ ಅಂಚು ಕಣ್ಣಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಒಂದು ಅಂಕಿ ನಂಬಿ ಹುಡುಗ ಊಟ ಬಿಟ್ಟ. ಆ ಅಂಕಿಯನ್ನು ಎಷ್ಟು ನಂಬಬೇಕು? ಈ ಪ್ರಶ್ನೆ ಹಿಡಿದುಕೊಂಡು ಓದಲು ಕೂತಾಗ, ಜೀವಮಾನವೆಲ್ಲ ಊಟವನ್ನೂ ತೂಕವನ್ನೂ ಲೆಕ್ಕ ಇಟ್ಟ ಒಬ್ಬ ಮನುಷ್ಯ ನಮ್ಮ ದಾರಿಯಲ್ಲೇ ಸಿಕ್ಕರು. ಆದ್ದರಿಂದ ಇದು ಗಾಂಧೀಜಿಯ ಜೀವನ, ತೂಕದ ಕಾಟಾದ ಮೇಲಿಂದ ನೋಡಿದ್ದು.

ಲೆಕ್ಕದ ಹುಡುಗ

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2, ಗುಜರಾತಿನ ಪೋರಬಂದರಿನಲ್ಲಿ. ಸಣ್ಣ ದೇಹ, ನಾಚಿಕೆ ಸ್ವಭಾವ, ಆಟ ಅಂದರೆ ದೂರ. ಮಾಂಸ ತಿಂದರೆ ಇಂಗ್ಲಿಷರಂತೆ ಗಟ್ಟಿಯಾಗಬಹುದು ಅಂತ ಗೆಳೆಯನೊಬ್ಬ ಹೇಳಿದ್ದನ್ನು ನಂಬಿ, ಮನೆಯವರಿಗೆ ಗೊತ್ತಾಗದಂತೆ ತಿಂದು ನೋಡಿದ್ದೂ ಉಂಟು. ದೇಹವನ್ನು ಬದಲಾಯಿಸಬೇಕು ಅನ್ನೋ ಹಂಬಲ ನಮ್ಮ ಹಾಸ್ಟೆಲಿನಲ್ಲಿ ಹುಟ್ಟಿದ್ದಲ್ಲ ನೋಡ್ರಿ. ಅಪ್ಪ-ಅವ್ವನಿಗೆ ಸುಳ್ಳು ಹೇಳಬೇಕಾಗುತ್ತದೆ ಅನ್ನೋ ಸಂಕಟಕ್ಕೆ ಅದನ್ನು ಬಿಟ್ಟರು.

1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೋದರು. ಮಾಂಸ ಮುಟ್ಟುವುದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಮೊದಲ ತಿಂಗಳುಗಳಲ್ಲಿ ಹೊಟ್ಟೆ ತುಂಬಾ ಊಟವೇ ಸಿಗಲಿಲ್ಲ. ಆಮೇಲೆ ಸಸ್ಯಾಹಾರದ ಒಂದು ಹೋಟೆಲು ಸಿಕ್ಕಿತು. ಅಲ್ಲಿಂದ ಪುಸ್ತಕ, ಪುಸ್ತಕದಿಂದ ಲಂಡನ್ನಿನ ಸಸ್ಯಾಹಾರಿ ಸಂಘ. ದುಡ್ಡು ಉಳಿಸಲು ಗಾಡಿ ಬಿಟ್ಟು ದಿನಕ್ಕೆ ಎಂಟು-ಹತ್ತು ಮೈಲಿ ನಡೆದರು. ಓಟ್ಸ್ ಗಂಜಿ, ಕೋಕೋ ತಾವೇ ಮಾಡಿಕೊಂಡರು. ಪ್ರತಿ ಪೈಸೆಯ ಖರ್ಚನ್ನೂ ಪುಸ್ತಕದಲ್ಲಿ ಬರೆದು, ರಾತ್ರಿ ಮಲಗುವ ಮೊದಲು ಕೂಡಿ ತಾಳೆ ನೋಡುತ್ತಿದ್ದರು. ಈ ತಾಳೆ ನೋಡುವ ಚಟ ಮುಂದೆ ದೇಹಕ್ಕೂ ಹತ್ತಿಕೊಂಡಿತು.

ದೇಹವೇ ಪ್ರಯೋಗಶಾಲೆ

1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದವರು ಅಲ್ಲಿ ಇಪ್ಪತ್ತೊಂದು ವರ್ಷ ಕಳೆದರು. 1904ರಲ್ಲಿ ಫೀನಿಕ್ಸ್ ಆಶ್ರಮ, 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್. ಫಾರ್ಮಿನಿಂದ ಜೋಹಾನ್ಸ್‌ಬರ್ಗ್ 21 ಮೈಲಿ. ಖಾಸಗಿ ಕೆಲಸಕ್ಕೆ ಹೋಗುವವರು ನಡೆದೇ ಹೋಗಬೇಕೆಂಬ ನಿಯಮ. ಗಾಂಧೀಜಿಯೂ ನಡೆದರು. ಉಪ್ಪು ಬಿಟ್ಟು ನೋಡಿದರು, ಬೇಳೆ ಬಿಟ್ಟು ನೋಡಿದರು, ಬರೇ ಹಣ್ಣು ತಿಂದು ನೋಡಿದರು, 1912ರಲ್ಲಿ ಹಾಲನ್ನೂ ಬಿಟ್ಟರು. 1913ರಲ್ಲಿ ಆರೋಗ್ಯದ ಬಗ್ಗೆ ತಮ್ಮ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಸಾಲು ಸಾಲು ಲೇಖನ ಬರೆದರು.

1915ರಲ್ಲಿ ಭಾರತಕ್ಕೆ ವಾಪಸು ಬಂದರು. ಹರಿದ್ವಾರದ ಕುಂಭಮೇಳದಲ್ಲಿ ಒಂದು ವ್ರತ ಹಿಡಿದರು: ದಿನಕ್ಕೆ ಐದಕ್ಕಿಂತ ಹೆಚ್ಚು ಬಗೆಯ ಪದಾರ್ಥ ಇಲ್ಲ, ಕತ್ತಲಾದ ಮೇಲೆ ಊಟ ಇಲ್ಲ.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಊರೂರು ತಿರುಗುವಾಗ ಶೇಂಗಾ, ನಿಂಬೆಹಣ್ಣಿನ ಮೇಲೆ ದಿನ ಕಳೆದರು. ಹೊಟ್ಟೆ ಕೆಟ್ಟಿತ್ತು. ಹಬ್ಬದ ದಿನ ಕಸ್ತೂರಬಾ ಮಾಡಿದ ಸಿಹಿ ಗಂಜಿ, ಹೆಸರುಕಾಳು ರುಚಿ ಹತ್ತಿ ಸ್ವಲ್ಪ ಹೆಚ್ಚೇ ತಿಂದರು. ತಾಸು ಕಳೆಯುವುದರೊಳಗೆ ಆಮಶಂಕೆ. ಔಷಧ ಬೇಡ ಅಂದರು. ಮೈ ಎಲುಬಿನ ಗೂಡಾಯಿತು, ಸಾವೇ ಹತ್ತಿರ ಬಂತು ಅನ್ನಿಸಿತು. ಹಾಲು ಕುಡಿಯದೆ ಮೈಗೆ ಶಕ್ತಿ ಬರುವುದಿಲ್ಲ ಅಂತ ಡಾಕ್ಟರು ಹೇಳಿದಾಗ, ಬಿಟ್ಟಿದ್ದು ಆಕಳು-ಎಮ್ಮೆಯ ಹಾಲನ್ನಲ್ಲವೇ, ಆಡಿನ ಹಾಲು ಕುಡಿಯಬಹುದಲ್ಲ ಅಂತ ದಾರಿ ತೋರಿಸಿದವರು ಕಸ್ತೂರಬಾ. ಗಾಂಧೀಜಿ ಒಪ್ಪಿದರು. ವ್ರತದ ಮಾತು ಉಳಿಯಿತು, ಅರ್ಥ ಹೋಯಿತು ಅನ್ನೋ ಚುಚ್ಚು ಅವರಿಗೆ ಕೊನೆವರೆಗೂ ಇತ್ತು. ಆದರೆ ಜೀವ ಉಳಿಯಿತು. ತಪ್ಪಿದ ಪ್ರಯೋಗವನ್ನು ತಪ್ಪಿತು ಅಂತ ಬರೆದಿಡುವ ಗುಣ ಅವರದು. ನಮ್ಮ ಲ್ಯಾಬ್ ರೆಕಾರ್ಡುಗಳಲ್ಲಿ ಆ ಗುಣ ಎಷ್ಟಿದೆ, ನಮಗೇ ಗೊತ್ತು.

ಬೆಳಗಾವಿಗೆ ಬಂದ ದೇಹ

ಬೆಳಗಾವಿಗೆ ಗಾಂಧೀಜಿ ಮೊದಲು ಬಂದದ್ದು 1916ರಲ್ಲಿ, ತಿಲಕರು ಇಲ್ಲಿ ಹೋಮ್ ರೂಲ್ ಲೀಗ್ ಕಟ್ಟಿದ ವರ್ಷ. ಆಗ ಅವರು ಇನ್ನೂ ಹೊಸಬರು. ಎರಡನೇ ದೊಡ್ಡ ಭೇಟಿಯೇ 1924ರದ್ದು. ಆ ವರ್ಷ ಅವರ ದೇಹ ಏನೇನು ಕಂಡಿತ್ತು ಅಂತ ನೋಡಿದರೆ ಅಧಿವೇಶನದ ಫೋಟೋಗಳು ಬೇರೆಯಾಗಿಯೇ ಕಾಣುತ್ತವೆ.

ಜನವರಿ 12ರಂದು ಯೆರವಡಾ ಜೈಲಿನ ಕೈದಿಯಾಗಿದ್ದಾಗಲೇ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅಪೆಂಡಿಸೈಟಿಸ್ ಆಪರೇಷನ್. ಫೆಬ್ರವರಿಯಲ್ಲಿ ಬಿಡುಗಡೆ. ಸೆಪ್ಟೆಂಬರ್ 17ರಿಂದ ದೆಹಲಿಯಲ್ಲಿ ಹಿಂದೂ-ಮುಸ್ಲಿಂ ಸೌಹಾರ್ದಕ್ಕಾಗಿ 21 ದಿನದ ಉಪವಾಸ. ಅದು ಮುಗಿದದ್ದು ಅಕ್ಟೋಬರ್ 8ಕ್ಕೆ. ಡಿಸೆಂಬರಿನಲ್ಲಿ ಬೆಳಗಾವಿಯ ರೈಲು. ಗಂಗಾಧರರಾವ ದೇಶಪಾಂಡೆಯವರು ಸ್ವಾಗತದ ಹೊಣೆ ಹೊತ್ತಿದ್ದರು. ಟಿಳಕವಾಡಿಯ ಬಯಲಿಗೆ ವಿಜಯನಗರ ಅಂತ ಹೆಸರಿಟ್ಟರು, ನೀರಿಗಾಗಿ ಬಾವಿ ತೋಡಿದರು. ಡಿಸೆಂಬರ್ 26, 27ರಂದು ಅಧಿವೇಶನ. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಜೀವನದಲ್ಲಿ ಇದೊಂದೇ ಸಲ.

ಇಲ್ಲಿಯೂ ಅವರು ಅಳತೆಯನ್ನು ಬಿಡಲಿಲ್ಲ. ಕಾಂಗ್ರೆಸ್ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಬಂದದ್ದು ಆಗಲೇ. ದೇಶಭಕ್ತಿಯನ್ನೂ ಗಜದ ಲೆಕ್ಕದಲ್ಲಿ ಅಳೆಯಲು ಹೊರಟಿದ್ದರು. ಅದು ಹೆಚ್ಚು ದಿನ ನಡೆಯಲಿಲ್ಲ. ಅಳೆಯಲು ಸಿಗುವುದನ್ನು ಅಳೆದ ಮಾತ್ರಕ್ಕೆ ಬೇಕಾದದ್ದನ್ನೇ ಅಳೆದಂತಾಗುವುದಿಲ್ಲ ಅನ್ನೋದಕ್ಕೆ ಇದೂ ಒಂದು ಉದಾಹರಣೆ ಅಂತ ನಮಗನ್ನಿಸಿತು.

1927ರ ಮಾರ್ಚಿನಲ್ಲಿ ಖಾದಿ ಪ್ರವಾಸದ ನಡುವೆ ಕೊಲ್ಲಾಪುರದಲ್ಲಿ ಕುಸಿದರು. ರಕ್ತದೊತ್ತಡ ಏರಿತ್ತು. ಮೊದಲು ನಿಪ್ಪಾಣಿ, ಆಮೇಲೆ ಬೆಳಗಾವಿ, ಅಲ್ಲಿಂದ ಆಂಬೋಲಿ. ನಮ್ಮ ಖಾನಾಪುರದ ಕಾಡಿನಂತೆಯೇ ಅದೂ ಸಹ್ಯಾದ್ರಿಯ ಮಳೆಗಾಡು. ಏಪ್ರಿಲಿನಲ್ಲಿ ನಂದಿ ಬೆಟ್ಟಕ್ಕೆ ಹೋಗಿ ಒಂದೂವರೆ ತಿಂಗಳು ವಿಶ್ರಾಂತಿ ಪಡೆದರು. ಹತ್ತು ವರ್ಷದ ಮೇಲೆ, 1937ರ ಏಪ್ರಿಲಿನಲ್ಲಿ, ಬೆಳಗಾವಿ ಹತ್ತಿರದ ಹುದಲಿಗೆ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಬಂದು ಉಳಿದರು. ಹುದಲಿಯಲ್ಲಿ ಇವತ್ತಿಗೂ ಖಾದಿ ಕೆಲಸ ನಡೆದಿದೆ.

ಪತ್ರದ ತುಂಬ ಪೌಂಡು

ಗಾಂಧೀಜಿಯ ಪತ್ರಗಳನ್ನು ಓದುತ್ತಾ ಹೋದರೆ ಮತ್ತೆ ಮತ್ತೆ ತೂಕ ಬರುತ್ತದೆ. ಜೈಲಿನಿಂದ ಬರೆದ ಪತ್ರದಲ್ಲಿ ತಮ್ಮ ತೂಕ ಎಷ್ಟು ಪೌಂಡು ಅಂತ ತಿಳಿಸುತ್ತಾರೆ, ಆಶ್ರಮದವರ ತೂಕ ಕೇಳುತ್ತಾರೆ. ಯಾರದ್ದಾದರೂ ಇಳಿದಿದ್ದರೆ ಹಾಲು ಹೆಚ್ಚಿಸು ಅನ್ನುತ್ತಾರೆ. 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಹೂಡಿದರು. ಮೊಳಕೆ ಗೋಧಿ, ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನು, ಎಲ್ಲ ತೊಲೆ ಲೆಕ್ಕದಲ್ಲಿ. ಫಲಿತಾಂಶವನ್ನು ಯಂಗ್ ಇಂಡಿಯಾದಲ್ಲಿ ಪ್ರಕಟಿಸಿದರು. ಕೆಲವು ತಿಂಗಳಿಗೆ ಹೊಟ್ಟೆ ಕೆಟ್ಟು ಮತ್ತೆ ಆಡಿನ ಹಾಲಿಗೆ ಮರಳಿದರು. ಅದನ್ನೂ ಬರೆದರು. 1930ರಲ್ಲಿ, ಅರವತ್ತು ದಾಟಿದ ಮೇಲೆ, ಸಾಬರಮತಿಯಿಂದ ದಂಡಿಗೆ ಸುಮಾರು 240 ಮೈಲಿ ನಡೆದರು.

ಇಲ್ಲಿ ನಾವು ಗಮನಿಸಿದ್ದು ಒಂದು. ಅವರಿಗೆ ತೂಕ ಇಳಿಸುವ ಗುರಿ ಎಂದೂ ಇರಲಿಲ್ಲ. ಇಳಿಯದಂತೆ ಕಾಯುವುದೇ ಗುರಿ. ನಾವು ಮಷೀನು ಹತ್ತುವುದು ಅಂಕಿ ಕಡಿಮೆಯಾಗಲಿ ಅಂತ. ಅವರು ಹತ್ತುತ್ತಿದ್ದದ್ದು ಕೆಲಸಕ್ಕೆ ದೇಹ ಸಾಲುತ್ತದೋ ಇಲ್ಲವೋ ನೋಡಲು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2019ರಲ್ಲಿ ಗಾಂಧೀಜಿಯ ಆರೋಗ್ಯದ ದಾಖಲೆಗಳನ್ನು ಪ್ರಕಟಿಸಿತು. ಅದರ ಪ್ರಕಾರ ಎತ್ತರ 165 ಸೆಂ.ಮೀ, 1939ರಲ್ಲಿ ತೂಕ 46.7 ಕೆಜಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ನೋಡ್ರಿ, ಬಿಎಂಐ 17.1 ಬರುತ್ತದೆ. ನಮ್ಮ ಮೊಬೈಲ್ ಆ್ಯಪಿಗೆ ಈ ಅಂಕಿ ಹಾಕಿದರೆ ಕಡಿಮೆ ತೂಕ ಅಂತ ಬಣ್ಣ ಬದಲಿಸುತ್ತದೆ, ಅಷ್ಟೇ. ಅದೇ ದಾಖಲೆಯಲ್ಲಿ 1937ರ ಅಕ್ಟೋಬರಿನಲ್ಲಿ ರಕ್ತದೊತ್ತಡ 194/130, 1940ರ ಫೆಬ್ರವರಿಯಲ್ಲಿ 220/110. ಇಷ್ಟು ತೆಳ್ಳಗಿನ, ದಿನಾ ನಡೆಯುವ, ಸಾದಾ ಊಟದ ಮನುಷ್ಯನ ರಕ್ತದೊತ್ತಡ ಅದು! ತೂಕದ ಅಂಕಿಯಲ್ಲಿ ಅದರ ಸುಳಿವೇ ಇಲ್ಲ.

ಬಿಎಂಐಗೆ ಇನ್ನೊಂದು ಮಿತಿಯೂ ಇದೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ತಮ್ಮಿಬ್ಬರನ್ನೇ ಅಳೆದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ ಬರೆದರು. ಇಬ್ಬರ ಬಿಎಂಐಯೂ 22.3. ಆದರೆ ದೇಹದ ಕೊಬ್ಬು ಇಂಗ್ಲಿಷ್ ಡಾಕ್ಟರರದು 9.1 ಶೇಕಡಾ, ನಮ್ಮವರದು 21.2 ಶೇಕಡಾ. ಕಾಟಾದ ಅಂಕಿ ಒಂದೇ ಇದ್ದರೂ ಒಳಗಿನ ಸರಕು ಬೇರೆ.

1943: ಹದಿನೆಂಟು ಪೌಂಡು ಎಲ್ಲಿ ಹೋಯಿತು?

ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಧಿಸಿ ಸರಕಾರ ಗಾಂಧೀಜಿಯನ್ನು ಪುಣೆಯ ಆಗಾ ಖಾನ್ ಅರಮನೆಯಲ್ಲಿ ಇಟ್ಟಿತ್ತು. 1943ರ ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ 21 ದಿನದ ಉಪವಾಸ. ವಯಸ್ಸು 73. ನಡುವೆ ಸ್ಥಿತಿ ಬಹಳ ಕೆಟ್ಟಿತು. ಮೂತ್ರಪಿಂಡ ಸೋಲುವ ಲಕ್ಷಣ ಕಂಡಿತು. ನೀರು ಇಳಿಯದಾದಾಗ ಅದರಲ್ಲಿ ಮೋಸಂಬಿ ರಸ ಬೆರೆಸಿ ಕೊಟ್ಟರು. ತೀರಿಕೊಂಡರೆ ಏನು ಮಾಡಬೇಕು ಅಂತ ಸರಕಾರ ತಯಾರಿಯನ್ನೂ ಮಾಡಿಕೊಂಡಿತ್ತು. ಬದುಕಿದ ಮೇಲೆ ಲಂಡನ್ನಿನಲ್ಲಿ ಕೂತ ಚರ್ಚಿಲ್ಲರಿಗೆ ಸಂಶಯ, ನೀರಿನಲ್ಲಿ ಗುಟ್ಟಾಗಿ ಗ್ಲೂಕೋಸ್ ಬೆರೆಸಿರಬೇಕು ಅಂತ. ವೈಸರಾಯರಿಂದ ವಿಚಾರಣೆಯೂ ಆಯಿತು. ಪುರಾವೆ ಸಿಗಲಿಲ್ಲ.

ಆ ಮೂರು ವಾರದಲ್ಲಿ ತೂಕ ಸುಮಾರು 109 ಪೌಂಡಿನಿಂದ 91ಕ್ಕೆ ಇಳಿಯಿತು. ಅಂದರೆ 8.2 ಕೆಜಿ. ಇಲ್ಲಿ ಕ್ಯಾಲ್ಕ್ಯುಲೇಟರ್ ತೆಗೆಯೋಣ. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಇರುತ್ತದೆ. ಇಳಿದದ್ದೆಲ್ಲ ಕೊಬ್ಬೇ ಅಂದುಕೊಂಡರೆ ಸುಮಾರು 63,000 ಕಿಲೋಕ್ಯಾಲರಿ, ದಿನಕ್ಕೆ 3,000. ಆದರೆ ಹಾಸಿಗೆ ಹಿಡಿದ, ಐವತ್ತು ಕೆಜಿಯೊಳಗಿನ ಎಪ್ಪತ್ತು ದಾಟಿದ ದೇಹ ದಿನಕ್ಕೆ ಖರ್ಚು ಮಾಡುವುದು ಸಾವಿರ, ಹೆಚ್ಚೆಂದರೆ ಸಾವಿರದ ಇನ್ನೂರರ ಆಸುಪಾಸು. ಲೆಕ್ಕ ಕೂಡುವುದಿಲ್ಲ. ಅಂದರೆ ಹೋದದ್ದರಲ್ಲಿ ಬಹುಪಾಲು ನೀರು, ಸ್ನಾಯು. ಕೊಬ್ಬು ಅದರಲ್ಲಿ ಒಂದು ಪಾಲು ಮಾತ್ರ.

ಈಗ ನಮ್ಮ ಖಾನಾಪುರದ ಗೆಳೆಯನಿಗೆ ಇದೇ ಲೆಕ್ಕ ಹಚ್ಚೋಣ. ಎರಡು ದಿನದಲ್ಲಿ 1.8 ಕೆಜಿ ಕೊಬ್ಬು ಬೆಳೆಯಬೇಕಾದರೆ, ದಿನದ ಊಟ ಬಿಟ್ಟು ಅದರ ಮೇಲೆ ಹೆಚ್ಚಿಗೆ ಸುಮಾರು 13,900 ಕಿಲೋಕ್ಯಾಲರಿ ತಿನ್ನಬೇಕಿತ್ತು. ಕುಂದಾ ಎಷ್ಟೇ ತಿಂದರೂ ಅದು ಆಗುವ ಮಾತಲ್ಲ. ಏರಿದ್ದು ನೀರು. ಉಪ್ಪಿನಕಾಯಿ, ಹಪ್ಪಳ, ಸಾರಿನ ಉಪ್ಪು ನೀರನ್ನು ಹಿಡಿಯುತ್ತದೆ. ಅನ್ನ, ಸಿಹಿ ತಿಂದಾಗ ದೇಹ ಗ್ಲೈಕೋಜನ್ ಕೂಡಿಡುತ್ತದೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಸೇರುತ್ತದೆ. ಹೊಟ್ಟೆಯೊಳಗೆ ಇನ್ನೂ ಇದ್ದ ಊಟದ ತೂಕ ಬೇರೆ. ಊಟ ಬಿಟ್ಟ ಮೊದಲ ವಾರದಲ್ಲಿ ಸರಸರ ಇಳಿಯುವುದೂ ಇದೇ ನೀರು. ಅವನು ಹಸಿದುಕೊಂಡು ಓಡಿಸಿದ್ದು ಎರಡು ದಿನದಲ್ಲಿ ತಾನೇ ಹೋಗುತ್ತಿದ್ದ ನೀರನ್ನು.

1948: ನಿಂತ ಮುಳ್ಳು

ಇನ್ನು ಕೊನೆಯ ಉಪವಾಸ. ದೇಶ ಒಡೆದಿತ್ತು, ದೆಹಲಿಯಲ್ಲಿ ರಕ್ತ ಹರಿದಿತ್ತು. 1948ರ ಜನವರಿ 13ರಂದು ಬಿರ್ಲಾ ಭವನದಲ್ಲಿ ಗಾಂಧೀಜಿ ಊಟ ನಿಲ್ಲಿಸಿದರು. ವಯಸ್ಸು 78. ಡಾ. ಸುಶೀಲಾ ನಯ್ಯರ್ ಮತ್ತಿತರ ಡಾಕ್ಟರು ದಿನಾ ಪರೀಕ್ಷೆ ಮಾಡುತ್ತಿದ್ದರು, ಬುಲೆಟಿನ್ ಹೊರಡುತ್ತಿತ್ತು. ಮೊದಲು ತೂಕ ಇಳಿಯಿತು. ಆಮೇಲೆ 107 ಪೌಂಡಿಗೆ, ಅಂದರೆ ಸುಮಾರು 48.5 ಕೆಜಿಗೆ ಬಂದು ನಿಂತುಬಿಟ್ಟಿತು. ಊಟ ಇಲ್ಲ, ಆದರೂ ಮುಳ್ಳು ಕೆಳಗೆ ಹೋಗುತ್ತಿಲ್ಲ.

ತಿಳಿಯದವರಿಗೆ ಇದು ಸಮಾಧಾನದ ಸುದ್ದಿ. ಡಾಕ್ಟರಿಗೆ ಅದೇ ಭಯದ ಸುದ್ದಿ. ಯಾಕಂದ್ರ ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಹೊರಗೆ ಹೋಗಬೇಕಾದ ನೀರು ಮೈಯೊಳಗೇ ನಿಂತಿತ್ತು. ದೇಹ ಒಳಗೆ ಕರಗುತ್ತಿತ್ತು, ಕರಗಿದ ಜಾಗಕ್ಕೆ ನೀರು ತುಂಬುತ್ತಿತ್ತು, ಕಾಟಾ ಎರಡನ್ನೂ ಕೂಡಿಸಿ ಅದೇ ಅಂಕಿ ತೋರಿಸುತ್ತಿತ್ತು. ಕಾಟಾ ಸುಳ್ಳು ಹೇಳಲಿಲ್ಲ. ಅದಕ್ಕೆ ಗೊತ್ತಿದ್ದದ್ದೇ ಒಟ್ಟು ಮೊತ್ತ. ಒಳಗಿನ ವಿವರ ಗೊತ್ತಾಗಿದ್ದು ಮೂತ್ರ ಅಳೆದ, ನಾಡಿ ಹಿಡಿದ ಮನುಷ್ಯರಿಗೆ.

ಜನವರಿ 18ರಂದು ಎಲ್ಲ ಪಕ್ಷ, ಪಂಗಡದ ಮುಖಂಡರು ಬಂದು ಶಾಂತಿ ಕಾಯುತ್ತೇವೆ ಅಂತ ಸಹಿ ಮಾಡಿ ಮಾತು ಕೊಟ್ಟರು. ಮೌಲಾನಾ ಆಜಾದರ ಕೈಯಿಂದ ಹಣ್ಣಿನ ರಸ ಕುಡಿದು ಗಾಂಧೀಜಿ ಉಪವಾಸ ಮುಗಿಸಿದರು. ದೇಹ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಸರಿಯಾಗಿ ಹನ್ನೆರಡು ದಿನದ ಮೇಲೆ, ಜನವರಿ 30ರ ಸಂಜೆ, ಪ್ರಾರ್ಥನೆಗೆ ನಡೆದು ಹೋಗುವಾಗ ಮೂರು ಗುಂಡು. ಅಷ್ಟೆಲ್ಲ ಉಪವಾಸ ದಾಟಿ ಬಂದ ದೇಹ ಅಲ್ಲಿಗೆ ಮುಗಿಯಿತು.

ನಮ್ಮ ಮಷೀನಿನ ವಿಚಾರ

ಗಾಂಧೀಜಿಯ ಕಾಲದಲ್ಲಿ ಕಾಟಾ ಒಂದೇ ಅಂಕಿ ಹೇಳುತ್ತಿತ್ತು. ನಮ್ಮದು ಹತ್ತು ಹನ್ನೆರಡು ಹೇಳುತ್ತದೆ. ಅದರಲ್ಲಿ ಅಳೆದದ್ದು ಎಷ್ಟು, ಊಹಿಸಿದ್ದು ಎಷ್ಟು?

ತೂಕ ನಿಜವಾಗಿ ಅಳೆದದ್ದು. ನಾಲ್ಕು ಮೂಲೆಯಲ್ಲಿ ನಾಲ್ಕು ಲೋಡ್ ಸೆಲ್, ಅವುಗಳಲ್ಲಿ ಸ್ಟ್ರೇನ್ ಗೇಜ್, ಎಲ್ಲ ಸೇರಿ ನಾವು ಮೊದಲ ವರ್ಷ ಓದಿದ ವೀಟ್‌ಸ್ಟನ್ ಬ್ರಿಡ್ಜ್. ಗಟ್ಟಿ, ಮಟ್ಟಸ ನೆಲದ ಮೇಲಿಟ್ಟರೆ ಇದು ಸಾಕಷ್ಟು ಸ್ಥಿರ. ಚಾಪೆ, ಕಾರ್ಪೆಟ್ ಮೇಲೆ ಇಟ್ಟರೆ ಕೆಟ್ಟಿತು. ಖಾನಾಪುರದ ಮನೆಯಲ್ಲಿ ಹಳೆಯ ಮುಳ್ಳಿನ ಮಷೀನು ಇದೆ, ಉಬ್ಬುತಗ್ಗಿನ ಫರಸಿಯ ಮೇಲೆ. ಅಲ್ಲಿನ ಅಂಕಿಗೂ ಹಾಸ್ಟೆಲಿನ ಅಂಕಿಗೂ ಒಂದೂವರೆ ಕೆಜಿ ಫರಕು. ಬೆಳಗಾವಿ ಎತ್ತರದಲ್ಲಿದೆ, ಗುರುತ್ವ ಕಡಿಮೆ, ಅದಕ್ಕೇ ಹೀಗೆ ಅಂತ ಒಬ್ಬ ವಾದ ಹೂಡಿದ. ಲೆಕ್ಕ ಹಾಕಿದೆವು. ನೂರು ಮೀಟರ್ ಎತ್ತರದ ವ್ಯತ್ಯಾಸಕ್ಕೆ 65 ಕೆಜಿ ಮನುಷ್ಯನಲ್ಲಿ ಬರುವ ಫರಕು ಸುಮಾರು ಎರಡು ಗ್ರಾಂ! ಲಂಡನ್ನಿನಲ್ಲಿ ಹೊಂದಿಸಿದ ಲೋಡ್ ಸೆಲ್ ಮಷೀನನ್ನು ಹಾಗೆಯೇ ಬೆಳಗಾವಿಗೆ ತಂದರೆ ಮಾತ್ರ ಸುಮಾರು 0.3 ಶೇಕಡಾ ಕಡಿಮೆ ತೋರಿಸೀತು, ಗಾಂಧೀಜಿಯಂಥ 48 ಕೆಜಿಯ ಮೇಲೆ ನೂರೈವತ್ತು ಗ್ರಾಂ. ಬಟ್ಟು ಇಟ್ಟು ತೂಗುವ ತಕ್ಕಡಿಗೆ ಆ ತೊಂದರೆಯೂ ಇಲ್ಲ, ಅದು ಎರಡೂ ಕಡೆಯ ವಸ್ತುವನ್ನು ಹೋಲಿಸುತ್ತದೆ. ಹಾಗಾಗಿ ಒಂದೂವರೆ ಕೆಜಿ ಫರಕು ಭೂಮಿಯದ್ದಲ್ಲ, ಮಷೀನು ಮತ್ತು ಫರಸಿಯದ್ದು. ಎರಡು ಮಷೀನಿನ ಅಂಕಿಯನ್ನು ಹೋಲಿಸಬಾರದು, ಇಷ್ಟ ಪಾಠ.

ಕೊಬ್ಬಿನ ಅಂಕಿ ಬೇರೆ ಜಾತಿ. ಗಾಜಿನ ಮೇಲಿನ ಲೋಹದ ಪಟ್ಟಿಯಿಂದ ಸಣ್ಣ ವಿದ್ಯುತ್ತು, ಸಾಮಾನ್ಯವಾಗಿ 50 ಕಿಲೋಹರ್ಟ್ಜ್ ಸುತ್ತಮುತ್ತ, ಒಂದು ಪಾದದಿಂದ ಹತ್ತಿ ಇನ್ನೊಂದು ಪಾದದಿಂದ ಇಳಿಯುತ್ತದೆ. ನೀರಿರುವ ಸ್ನಾಯುವಿನಲ್ಲಿ ಸುಲಭವಾಗಿ, ಕೊಬ್ಬಿನಲ್ಲಿ ಕಷ್ಟದಿಂದ ಹರಿಯುತ್ತದೆ. ಮಷೀನು ಅಳೆಯುವುದು ಆ ತಡೆಯನ್ನಷ್ಟೇ. ಉಳಿದದ್ದು ನಾವು ಆ್ಯಪಿಗೆ ಕೊಟ್ಟ ಎತ್ತರ, ವಯಸ್ಸು, ಲಿಂಗ ಹಾಕಿ ಒಂದು ಸೂತ್ರ ಕಟ್ಟಿದ ಅಂದಾಜು. ವಿದ್ಯುತ್ತು ಹೆಚ್ಚಾಗಿ ಕಾಲಿನಲ್ಲೇ ಸುತ್ತಿ ಬರುವುದರಿಂದ ಹೊಟ್ಟೆಯ ಕೊಬ್ಬು ಅದಕ್ಕೆ ಸರಿಯಾಗಿ ಸಿಗುವುದೇ ಇಲ್ಲ. ಸೂತ್ರ ಯಾವ ಜನರನ್ನು ಅಳೆದು ಕಟ್ಟಿದ್ದೋ ಅವರಂತೆ ನಾವಿಲ್ಲದಿದ್ದರೆ ಅಂದಾಜು ಇನ್ನೂ ಜಾರುತ್ತದೆ. ನಾವು ನೋಡಿದೆವು: ಒಂದೇ ಬೆಳಿಗ್ಗೆ, ಒಣ ಪಾದ, ಒದ್ದೆ ಪಾದ, ಆಟ ಆಡಿ ಬೆವರಿದ ಮೇಲೆ, ಕೊಬ್ಬಿನ ಅಂಕಿ ಎರಡು ಮೂರು ಹೆಜ್ಜೆ ಕುಣಿಯಿತು. ಒಂದು ತಾಸಿನಲ್ಲಿ ಯಾರ ಕೊಬ್ಬೂ ಹಾಗೆ ಕರಗಿ ಮತ್ತೆ ಬೆಳೆಯುವುದಿಲ್ಲ.

ಹಂಗಂತ ಮಷೀನು ಎಸೆಯಬೇಕೇ? ಬೇಡ. ದಿನಕ್ಕೆ 500 ಕಿಲೋಕ್ಯಾಲರಿ ಕಡಿಮೆ ತಿಂದರೆ ಲೆಕ್ಕದ ಪ್ರಕಾರ ದಿನಕ್ಕೆ ಇಳಿಯುವ ಕೊಬ್ಬು 65 ಗ್ರಾಂ. ನೀರಿನ ಏರಿಳಿತ ಒಂದು ಕೆಜಿ, ಕೆಲವೊಮ್ಮೆ ಎರಡು. ಸಿಗ್ನಲ್ಲಿಗಿಂತ ನಾಯ್ಸ್ ಹದಿನೈದು ಪಟ್ಟು ದೊಡ್ಡದು. ಅಂಥಲ್ಲಿ ಒಂದು ದಿನದ ಅಂಕಿ ನೋಡಿ ಅಳುವುದೂ ವ್ಯರ್ಥ, ಕುಣಿಯುವುದೂ ವ್ಯರ್ಥ. ನಾವು ಕಲಿತದ್ದೇ ಇದೆಯಲ್ಲ, ಸರಾಸರಿ ತೆಗೆಯಿರಿ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಅದೇ ಜಾಗದಲ್ಲಿ ಅದೇ ಮಷೀನು. ಏಳು ದಿನದ ಸರಾಸರಿಯನ್ನು ಹಿಂದಿನ ಏಳು ದಿನದ ಸರಾಸರಿಗೆ ಹೋಲಿಸಿ. ಮೂರ್ನಾಲ್ಕು ವಾರ ಕಾಯಿರಿ. ಕೊಬ್ಬಿನ ಶೇಕಡಾವನ್ನು ದಿನದಿನ ನೋಡಲೇಬೇಡಿ. ಸೊಂಟಕ್ಕೆ ಟೇಪು ಹಿಡಿಯಿರಿ, ಅದು ಕಡಿಮೆ ದುಡ್ಡಿನ, ಹೆಚ್ಚು ಪ್ರಾಮಾಣಿಕ ಸಾಧನ.

ಮಷೀನು ಪರೀಕ್ಷೆ ಮಾಡುವುದೂ ಸುಲಭ. ಹತ್ತಿ ತೂಕ ನೋಡಿ, ಇಳಿದು ಒಂದು ಲೀಟರ್ ನೀರಿನ ತುಂಬಿದ ಬಾಟಲಿ ಹಿಡಿದು ಮತ್ತೆ ಹತ್ತಿ. ಸರಿಸುಮಾರು ಒಂದು ಕೆಜಿ ಏರಬೇಕು. ಆಮೇಲೆ ಬರೇ ಒಂದು ಲೋಟ ನೀರು ಹಿಡಿದು ಹತ್ತಿ. ಅಂಕಿ ಅಲುಗದೇ ಇದ್ದರೆ ಸಂಶಯಪಡಿ. ಫರಕು ಸಣ್ಣದಿದ್ದರೆ ಹಿಂದಿನ ಅಂಕಿಯನ್ನೇ ಮತ್ತೆ ತೋರಿಸಿ ತಾನು ಬಹಳ ಸ್ಥಿರ ಅಂತ ನಂಬಿಸುವ ಮಷೀನುಗಳೂ ಇವೆ.

ಖಾನಾಪುರದ ಗೆಳೆಯ ಈಗ ಚೆನ್ನಾಗಿದ್ದಾನೆ. ಡಾಕ್ಟರು ಬೈದು, ರಾತ್ರಿ ಊಟ ಶುರು ಮಾಡಿಸಿದರು. ಸಂಜೆ ನಮ್ಮ ಜೊತೆ ನಡೆಯಲು ಬರುತ್ತಾನೆ. ಕಾಂಗ್ರೆಸ್ ಬಾವಿವರೆಗೆ ಹೋಗಿ ವಾಪಸು. ಮಷೀನು ಇನ್ನೂ ಇದೆ, ಭಾನುವಾರಕ್ಕೊಮ್ಮೆ ಸರಾಸರಿಯನ್ನು ಗೋಡೆಯ ಹಾಳೆಯಲ್ಲಿ ಬರೆಯುತ್ತೇವೆ. ಗಾಂಧೀಜಿಯ ಉಪವಾಸವನ್ನು ನಾವ್ಯಾರೂ ಡಯಟ್ ಅಂತ ತಿಳಿಯಬಾರದು. ಅದರ ಹಿಂದೆ ಬೇರೆಯೇ ಕಾರಣ ಇತ್ತು, ಸುತ್ತ ಡಾಕ್ಟರು ಇದ್ದರು, ಆದರೂ ಎರಡು ಮೂರು ಸಲ ಸಾವಿನ ಬಾಗಿಲು ಮುಟ್ಟಿ ಬಂದರು. ಅವರಿಂದ ನಾವು ತೆಗೆದುಕೊಂಡದ್ದು ಲೆಕ್ಕ ಇಡುವ ಶಿಸ್ತು, ಮತ್ತು ತಲೆ ತಿರುಗಿದಾಗ ಆಡಿನ ಹಾಲು ಕುಡಿಯುವ ವಿವೇಕ.

ನಿಮ್ಮ ರೂಮಿನಲ್ಲಿ ಯಾರಾದರೂ ಅಂಕಿ ನೋಡಿ ಊಟ ಬಿಟ್ಟಿದ್ದರೆ, ಮೊದಲು ಮೆಸ್ಸಿಗೆ ಕರಕೊಂಡು ಹೋಗಿ. ಸರಾಸರಿ ಆಮೇಲೆ ತೆಗೆಯೋಣ.